ಕ್ಯಾಬಿನೆಟ್ಟಿನ ಮೇಲಿನ ಚೀಟಿ

ಕಂಪ್ಯೂಟರಿನ ಪರದೆಗೆ ಸ್ಟೀಲಿನ ಅಡಿಪಟ್ಟಿಯನ್ನು ಅಡ್ಡ ಹಿಡಿದು ಅವರು ಒಂದೊಂದೇ ಸಾಲು ಓದುತ್ತಿದ್ದರು. ಆಗ ತುಟಿಯ ಬಲ ಅಂಚು ಮಾತ್ರ ಅಲುಗುತ್ತಿತ್ತು. ವರ್ಷಗಟ್ಟಲೆ ಅಡಿಪಟ್ಟಿ ತಾಗಿ ಪರದೆಯ ತುಂಬ ಸಣ್ಣ ಗೀರುಗಳೆದ್ದಿದ್ದವು. ಕಾರ್ಕಳ ಬಸ್‌ಸ್ಟ್ಯಾಂಡಿನ ಹತ್ತಿರ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ ಅವರ ಡಿಟಿಪಿ ಅಂಗಡಿ. ಮದುವೆ ಕಾಗದ, ಉತ್ತರಕ್ರಿಯೆಯ ಕಾರ್ಡು, ವಿದ್ಯಾರ್ಥಿಗಳ ಪ್ರಬಂಧ ಎಲ್ಲವನ್ನೂ ಒಬ್ಬರೇ ಟೈಪ್ ಮಾಡುತ್ತಿದ್ದರು. ನಮಗೆಲ್ಲ ಅವರು ಡಿಟಿಪಿ ಅಕ್ಕ.

ಮಣಿಪಾಲದಲ್ಲಿ ಎಂ.ಎ. ಓದುವಾಗ ನನ್ನ ಪ್ರಬಂಧವನ್ನು ಅವರಿಗೆ ಕೊಟ್ಟಿದ್ದೆ. ಮೂರನೇ ದಿನ ಫೋನ್ ಬಂತು.

“ಎಂತ ಮಾರಾಯ್ತಿ, ನಿನ್ನ ನಾಲ್ಕನೇ ಟೇಬಲಿನ ಮೊತ್ತ ಸರಿ ಬರುದಿಲ್ಲ. ಹನ್ನೊಂದು ಜನ ಎಲ್ಲಿ ಹೋದ್ರು?”

“ನೀವು ಕೂಡಿಸಿ ನೋಡಿದ್ರಾ ಅಕ್ಕ?”

“ಟೈಪ್ ಮಾಡುವವಳು ಕೂಡಿಸ್ಬಾರ್ದು ಅಂತ ಉಂಟಾ?”

ನನ್ನ ಮಾರ್ಗದರ್ಶಕರೂ ಗಮನಿಸದೆ ಬಿಟ್ಟ ತಪ್ಪು ಅದು. ಆಮೇಲೆ ಕೆಲಸವಿಲ್ಲದಾಗಲೂ ಅಲ್ಲಿಗೆ ಹೋಗಿ ಕೂರುವುದು ಅಭ್ಯಾಸವಾಯಿತು. ನಾನು ಹೆಚ್ಚು ಮಾತನಾಡುವವಳಲ್ಲ. ಅವರು ಮಾತನಾಡಿಸುತ್ತಲೂ ಇರಲಿಲ್ಲ.

ಕ್ಯಾನ್ಸರ್ ಎಂದು ಗೊತ್ತಾದಾಗ ಅವರ ಕೈಯಲ್ಲಿದ್ದದ್ದು ತಾವು ಕಲಿತ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆ. “ಇದೊಂದು ಮುಗಿಸಿ ಮಲಗ್ತೇನೆ. ನಾಲ್ಕನೇ ಕ್ಲಾಸಿನ ಫೋಟೋದಲ್ಲಿ ನಾನೂ ಇದ್ದೇನೆ, ಮೂಗು ಸೋರಿಸಿಕೊಂಡು,” ಎಂದು ನಕ್ಕಿದ್ದರು. ಹಳೆಯ ಫೋಟೋಗಳನ್ನು ಹಾಕಿದಂತೆಲ್ಲ ಕಂಪ್ಯೂಟರ್ ಪುಟಪುಟಕ್ಕೂ ನಿಂತುಬಿಡುತ್ತಿತ್ತು. ಅವರ ಬಳಿ ಇದ್ದ ಸಮಯವೋ ಕಡಿಮೆ. ಇನ್ನೊಂದು ರ‍್ಯಾಮ್ ಪಟ್ಟಿ ಹಾಕಿದರೆ ಮೆಮೊರಿ ಹೆಚ್ಚಿ ವೇಗವಾಗುತ್ತದೆ, ನಾನೇ ತರುತ್ತೇನೆ ಎಂದೆ.

ಕಂಪ್ಯೂಟರಿನ ಡಬ್ಬಿಯ, ಅಂದರೆ ಕ್ಯಾಬಿನೆಟ್ಟಿನ, ಹೊರಗೆ ಅಂಟಿಸಿದ್ದ ಚೀಟಿಯಿಂದ ಮಾಡೆಲ್ ನಂಬರ್ ಬರೆದುಕೊಂಡೆ.

“ಒಳಗೆ ಬಿಚ್ಚಿ ನೋಡುದು ಬೇಡವಾ?” ಎಂದರು ಅಕ್ಕ.

“ನಂಬರ್ ಇಲ್ಲೇ ಉಂಟಲ್ಲ ಅಕ್ಕ.”

ಆ ನಂಬರಿಗೆ ಯಾವ ರ‍್ಯಾಮ್ ಹೊಂದುತ್ತದೆ ಎಂದು ಮೂರು ಕಡೆ ನೋಡಿ ತರಿಸಿದೆ. ಅದು ಸಲೀಸಾಗಿ ಕೂತಿತು, ಕಂಪ್ಯೂಟರ್ ಓಡಿತು. ಅಕ್ಕ ಎರಡು ವಾರದಲ್ಲಿ ಎಪ್ಪತ್ತು ಪುಟ ಕಟ್ಟಿದರು.

ಮೂರನೇ ವಾರ ಕಡತಗಳು ಕೆಡತೊಡಗಿದವು. ಕೆಲವು ತೆರೆಯಲೇ ಇಲ್ಲ. ತೆರೆದವುಗಳಲ್ಲಿ ಅಕ್ಷರಗಳೆಲ್ಲ ಬರೀ ಚೌಕ. ಪ್ರತಿ ಶನಿವಾರ ಪೆನ್‌ಡ್ರೈವಿಗೆ ಪ್ರತಿ ತೆಗೆದಿಡುವುದು ಅವರ ಕ್ರಮ. ಈ ಸಲ ಕೆಟ್ಟ ಕಡತಗಳೇ ಅದರಲ್ಲಿದ್ದ ಹಳೆಯ ಪ್ರತಿಗಳನ್ನು ಅಳಿಸಿ ಅವುಗಳ ಜಾಗದಲ್ಲಿ ಕೂತಿದ್ದವು.

ನಾನು ಕ್ಯಾಬಿನೆಟ್ ಬಿಚ್ಚಿದೆ. ಒಳಗಿನ ಮದರ್‌ಬೋರ್ಡಿನ ಮೇಲೆ ಅಚ್ಚಾಗಿದ್ದ ನಂಬರ್ ಬೇರೆಯೇ ಇತ್ತು. ಹಿಂದಿನ ಮೇ ತಿಂಗಳ ಸಿಡಿಲಿಗೆ ಬೋರ್ಡ್ ಸುಟ್ಟು, ರಿಪೇರಿಯವರು ಹಳೆಯ ಡಬ್ಬಿಯೊಳಗೇ ಬೇರೆ ಬೋರ್ಡ್ ಕೂರಿಸಿದ್ದರು. ಅದಕ್ಕೆ ಕಡಿಮೆ ವೋಲ್ಟೇಜಿನ ರ‍್ಯಾಮೇ ಆಗಬೇಕಿತ್ತು. ಎರಡು ಬಗೆಯ ಪಟ್ಟಿಗೂ ಅಂಚಿನ ಸೀಳು ಒಂದೇ ಜಾಗದಲ್ಲಿರುತ್ತದೆ. ಹೊಂದದ್ದೂ ಹೊಂದಿದಂತೆ ಕೂರುತ್ತದೆ, ಆಮೇಲೆ ಸೇವ್ ಮಾಡಿದ್ದನ್ನು ಕೆಡಿಸುತ್ತದೆ. ನಾನು ಹಾಕಿದ್ದನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ.

“ಎಂತ ಇತ್ತು?” ಎಂದು ಕೇಳಿದರು.

“ಧೂಳು ಅಕ್ಕ,” ಎಂದೆ.

ಅಷ್ಟರಲ್ಲಿ ಸಂಚಿಕೆಯ ಸಮಿತಿಯಲ್ಲಿದ್ದ ಶಾಲೆಯ ನಿವೃತ್ತ ಹೆಡ್‌ಮಾಸ್ಟರು ಮೆಟ್ಟಿಲು ಹತ್ತಿ ಬಂದರು. ಅಕ್ಕ ಎದ್ದು ನಿಂತರು.

“ತಪ್ಪು ನನ್ನದೇ ಸರ್. ಈ ಮದ್ದಿನಿಂದ ತಲೆ ನಿಲ್ಲುದಿಲ್ಲ. ಸೇವ್ ಮಾಡುವಾಗ ಎಂತದೋ ಒತ್ತಿಬಿಟ್ಟಿದ್ದೇನೆ.”

“ಬೇಸರ ಮಾಡ್ಬೇಡಿ. ನೀವಿನ್ನು ವಿಶ್ರಾಂತಿ ತೆಕ್ಕೊಳ್ಳಿ. ಉಡುಪಿಯಲ್ಲಿ ಒಂದು ಪ್ರೆಸ್ ಉಂಟು, ಅವರಿಗೆ ಕೊಡುವ.”

ನಾನು ಅಲ್ಲೇ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಮರುದಿನ ಅಕ್ಕ ಅಂಗಡಿ ತೆರೆಯಲಿಲ್ಲ. “ಇನ್ನು ಯಾರ ಕೆಲಸವನ್ನೂ ಹಾಳು ಮಾಡುದು ಬೇಡ,” ಎಂದರು. ನಿಜ ಹೇಳಬೇಕೆಂದೇ ಎರಡು ಸಲ ಕುಕ್ಕುಂದೂರಿನ ಅವರ ಮನೆಗೆ ಹೋದೆ. ಮೊದಲ ಸಲ ಅವರ ತಂಗಿ ಪಕ್ಕದಲ್ಲೇ ಇದ್ದರು. ಹೇಳದಿರಲು ಅದು ನೆಪ. ಎರಡನೇ ಸಲ ಅಕ್ಕ ದಿಂಬಿನಡಿಯಿಂದ ಆಸ್ಪತ್ರೆಯ ಮಾತ್ರೆ ಚೀಟಿ ತೆಗೆದು ನನ್ನ ಕೈಗಿತ್ತರು.

“ಬೆಳಿಗ್ಗೆ ಯಾವುದು, ಮಧ್ಯಾಹ್ನ ಯಾವುದು, ಓದಿ ಹೇಳು. ನಾನು ಓದಿದ್ದು ನನಗೇ ನಂಬಿಕೆ ಆಗುದಿಲ್ಲ. ನೀನಾದ್ರೆ ಜಾಗ್ರತೆಯವಳು.”

ನಾನು ಓದಿ ಹೇಳಿದೆ. ಅವರು ಬೆರಳಲ್ಲಿ ಎಣಿಸಿಕೊಂಡು, ಮತ್ತೊಮ್ಮೆ ಓದು ಎಂದರು. ಮತ್ತೊಮ್ಮೆ ಓದಿ ಬಸ್ಸು ಹತ್ತಿದೆ.

ಅವರು ತೀರಿಕೊಂಡ ಮೇಲೆ ಸಂಚಿಕೆ ಹೊರಬಂತು. ಮುನ್ನುಡಿಯಲ್ಲಿ ಅವರ ಬಗ್ಗೆ ಒಂದು ಸಾಲು ಇದೆ: ಅನಾರೋಗ್ಯದಿಂದಾದ ಕೈತಪ್ಪಿನಿಂದ ಮೊದಲ ಕರಡು ನಷ್ಟವಾಯಿತು ಎಂದು. ಊರಿನಲ್ಲಿ ಈಗಲೂ ಮರುಕದಿಂದ ಹಾಗೆಯೇ ಹೇಳುತ್ತಾರೆ.

ಅವರ ಕೈ ತಪ್ಪಿರಲಿಲ್ಲ. ಅವರು ಯಾವ ಗುಂಡಿಯನ್ನೂ ತಪ್ಪಾಗಿ ಒತ್ತಲಿಲ್ಲ. ಆ ಪುಟಗಳನ್ನು ಕೆಡಿಸಿದ್ದು ನಾನು ಹಾಕಿದ ರ‍್ಯಾಮ್. ಅವರಿಗೆ ಇದನ್ನು ಹೇಳಲು ನನಗೆ ಐವತ್ತಾರು ದಿನಗಳಿದ್ದವು.