ಹಿಡಿದರೆ ನಿಲ್ಲುವ ನಡುಕ

ಹಳಿಯಾಳದಲ್ಲಿ ತಾಮ್ರದ ಪಾತ್ರೆಗೆ ಕಲಾಯಿ ಹಾಕುವ ದಾವಲಸಾಬನ ಬಲಗೈ ನಡುಗತೊಡಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಹೆಂಡತಿ ಸುಗರಾಳಿಗೆ ಅದರಿಂದ ಭಯವಾಗಲಿಲ್ಲ, ಹೆಮ್ಮೆಯಾಯಿತು! ಮೊಹರಂನಲ್ಲಿ ಕೋಲಿನ ತುದಿಗೆ ಲೋಹದ ಹಸ್ತವಿರುವ ಪೀರರ ಪಂಜಾ ಹೊರುವವನು ಅವನೇ. ಪೀರರು ಮೈಮೇಲೆ ಬಂದರೆ ಕೈಕಾಲು ನಡುಗುವುದು ಊರಿಗೆಲ್ಲ ಗೊತ್ತು. "ನಮ್ಮವರನ್ನ ಪೀರರು ಈಗ ವರ್ಷಾಪೂರ್ತಿ ಬಿಟ್ಟಿಲ್ಲ ನೋಡ್ರಿ" ಎಂದು ನೆರೆಮನೆಯ ಶಂಕ್ರವ್ವನ ಮುಂದೆ ಕೊಚ್ಚಿಕೊಂಡಳು. ಓಣಿಯ ತಾಯಂದಿರು ಕೂಸುಗಳನ್ನು ತಂದು ತಲೆಯ ಮೇಲೆ ಆ ಕೈ ಇಡಿಸಿಕೊಂಡರು.

"ದವಾಖಾನಿಗೆ ಹೋಗೂಣು" ಎಂದ ಗಂಡನ ಬಾಯಿ ಮುಚ್ಚಿಸಿದವಳೂ ಅವಳೇ.

ಆ ಮೊಹರಂಗೆ ಜನ ಕಿಕ್ಕಿರಿದು ನೆರೆದರು. ದಾವಲಸಾಬ ಪಂಜಾದ ಕೋಲನ್ನು ಬಿಗಿಯಾಗಿ ಹಿಡಿದದ್ದೇ ತಡ, ನಡುಕ ನಿಂತೇಹೋಯಿತು. ಹಲಗೆ ಬಡಿದರು, ಲೋಬಾನದ ಧೂಪ ಹಾಕಿದರು, ಕೈ ಅಲುಗಲಿಲ್ಲ. ಯಾರೋ ಕಿಸಕ್ಕನೆ ನಕ್ಕರು. ಮನೆಗೆ ಬಂದು ಕಟ್ಟೆಯ ಮೇಲೆ ಕೂತನೋ ಇಲ್ಲವೋ, ಬೆರಳುಗಳು ಮತ್ತೆ ನಡುಗಲು ಶುರುವಿಟ್ಟುಕೊಂಡವು.

ಸುಗರಾಳಿಗೆ ಮೈಯೆಲ್ಲ ಉರಿಯಿತು. "ಸುಮ್ನ ಕುಂತಾಗಷ್ಟ ನಡಗತೈತಿ, ಏನರ ಹಿಡದ್ರ ನಿಲ್ಲತೈತಿ! ಯಾರ ಮುಂದ ಈ ಸೋಗು? ನನ್ನ ಮರ್ಯಾದಿ ಕಳದ್ರಿ."

"ನಾ ಮಾಡಾಕತ್ತಿಲ್ಲ ಸುಗರಾ, ತಾನ ಆಗಾಕತ್ತೈತಿ."

ಅವಳು ನಂಬಲಿಲ್ಲ. ಬರಬರುತ್ತ ಅವನು ಪುಟ್ಟ ಪುಟ್ಟ ಹೆಜ್ಜೆ ಇಡತೊಡಗಿದ. ಬೇಕಂತಲೇ ತಡಮಾಡುತ್ತಾನೆ ಎಂದಳು. ದನಿ ತಗ್ಗಿತು, ಮುಖದಲ್ಲಿ ನಗುವೂ ಅಳುವೂ ಮೂಡದಾಯಿತು, ಸೆಡವು ಎಂದಳು. ತಾನೂ ಮಾತು ಬಿಟ್ಟಳು. ರೊಟ್ಟಿ ಮುರಿಯಲಾರದೆ ಅವನು ತಾಟಿನ ಮುಂದೆ ಹಾಗೇ ಕೂತಿದ್ದರೆ, "ಬ್ಯಾಡಾದ್ರ ಬಿಡ್ರಿ" ಎಂದು ತಾಟು ಎತ್ತಿಕೊಂಡು ಹೋಗುತ್ತಿದ್ದಳು. ಎಂಥ ಕಲ್ಲು ಮನಸ್ಸು!

ತೇರಗಾಂವದ ದಾರಿಯಲ್ಲಿ ಅವನು ಮುಗ್ಗರಿಸಿ ಬಿದ್ದು ಏಳಲಾರದೆ ಹೋದಾಗ, ತಮ್ಮ ಹುಸೇನಸಾಬ ಗಾಡಿ ಕಟ್ಟಿ ಅವನನ್ನೂ ಅತ್ತಿಗೆಯನ್ನೂ ಧಾರವಾಡಕ್ಕೆ ಕರೆದೊಯ್ದ.

"ನರದ ರೋಗವ್ವಾ ಇದು" ಎಂದರು ಡಾಕ್ಟರು. "ಸುಮ್ನಿದ್ದಾಗ ನಡಗೂದು, ಹಿಡದಾಗ ನಿಲ್ಲೂದು ಇದರ ಗುಣಾನ. ಮಾರಿನೂ ಬಿಗೀತೈತಿ. ಮನಸಿನ್ಯಾಗ ಎಲ್ಲಾ ಇರತೈತಿ, ಮಾರಿಮ್ಯಾಲ ಬರೂದಿಲ್ಲ."

"ಮೊದಲ ಬಂದಿದ್ರ?" ಎಂದಳು ಸುಗರಾ.

"ವಾಸಿ ಆಗ್ತಿರಲಿಲ್ಲ. ತ್ರಾಸು ತುಸು ಕಡಿಮಿ ಮಾಡಬಹುದಿತ್ತು."

ಮನೆಗೆ ಬಂದು ಸುಗರಾ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಅವನ ಬಾಯಿಗೆ ತುತ್ತಿಟ್ಟಳು. ತಾನು ಎತ್ತಿಕೊಂಡು ಹೋದ ತಾಟುಗಳೆಲ್ಲ ನೆನಪಾಗಿ ಬಿಕ್ಕಿ ಬಿಕ್ಕಿ ಅತ್ತಳು. "ನನ್ನ ಮಾಫ್ ಮಾಡ್ರಿ. ಒಂದ ಸಲ ಹೂಂ ಅನ್ರಿ."

ಅವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ಕರುಣೆಯೂ ಇರಲಿಲ್ಲ. ಆಮೇಲೆ ಅವನು ಬದುಕಿದ್ದಷ್ಟು ದಿನವೂ ತುತ್ತು ಕೊಡುವಾಗಲೆಲ್ಲ ಅವಳು ಆ ಮುಖ ನೋಡಿದಳು. ಅವನು ಕ್ಷಮಿಸಿದನೋ ಇಲ್ಲವೋ, ಅವಳಿಗೆ ಕೊನೆಗೂ ತಿಳಿಯಲಿಲ್ಲ.