ನೈಲಾನ್ ತಂತಿಯ ಗಿಟಾರಿಗೆ ಒಂದು ಸಾಕೆಟ್

ಅದು ೧೯೮೪ನೆಯ ಇಸವಿ. ಹಾನಗಲ್ಲಿನ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ ರಿಪೇರಿ ಅಂಗಡಿ ತೆರೆದು ನನಗೆ ಆಗಲೇ ಹದಿನಾರು ವರ್ಷವಾಗಿತ್ತು. ಹುದ್ದೆ ಎಂದು ಹೇಳಿಕೊಳ್ಳಲು ಸರಕಾರ ಕೊಟ್ಟದ್ದೇನೂ ಇರಲಿಲ್ಲ. ಜನ ಕೊಟ್ಟದ್ದು ‘ರೇಡಿಯೋ ಮಾಸ್ತರ’ ಎಂಬ ಹೆಸರು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳಲ್ಲಿ ಯಾರ ಮೈಕ್ ಸೆಟ್ ಕೆಟ್ಟರೂ ನಾಲ್ಕು ಕಡೆ ತಿರುಗಾಡಿ ಕಡೆಗೆ ನನ್ನ ಮೇಜಿಗೇ ಬರುತ್ತಿತ್ತು. ಅಷ್ಟರೊಳಗೆ ಯಾರಾದರೂ ಅದನ್ನು ಪೂರ್ತಿ ಹಾಳು ಮಾಡಿರುತ್ತಿದ್ದರು, ಆ ಮಾತು ಬೇರೆ.

ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೆ ಸಾಕುಸಾಕಾಗಿತ್ತು. ಹಾರ್ನ್ ಸ್ಪೀಕರುಗಳ ಮುಂದೆ ನಿಂತು ನಿಂತು ಬಲಗಿವಿಯೊಳಗೆ ಸದಾ ಒಂದು ಜೀರುಂಡೆ ಕೂಗುತ್ತಿತ್ತು. ರಿಪೇರಿ ಹೇಗೋ ನಡೆಯುತ್ತಿತ್ತು. ನನಗೆ ಬೇಡವೆನಿಸಿದ್ದು ಪರೀಕ್ಷೆಯ ಕೆಲಸ. ‘ಇದು ಚಲೋ ಐತೋ ಇಲ್ಲೋ ಹೇಳ್ರಿ’ ಎಂದು ಇಬ್ಬಿಬ್ಬರು ಬರುತ್ತಾರೆ, ಒಬ್ಬನಿಗೆ ಚಲೋ ಎಂದು ನನ್ನಿಂದ ಹೇಳಿಸಬೇಕು, ಇನ್ನೊಬ್ಬನಿಗೆ ಕೆಟ್ಟಿದೆ ಎಂದು ಹೇಳಿಸಬೇಕು. ನಾನು ಯಾವುದೇ ಮಾತು ಹೇಳಿದರೂ ಒಬ್ಬ ಚಹಾ ಕುಡಿಸುತ್ತಾನೆ, ಇನ್ನೊಬ್ಬ ಮುಂದೆ ಆರು ತಿಂಗಳು ನನ್ನ ಮುಖ ನೋಡುವುದಿಲ್ಲ. ಆ ಚಹಾ ಕುಡಿದು ಕುಡಿದು ಹೊಟ್ಟೆ ಹುಳಿಯಾಗಿತ್ತು.

ಮದುವೆಗಳು ಜೋರಾಗಿದ್ದ ದಿನಗಳು. ಒಂದು ಮುಂಜಾನೆ ಸವಣೂರಿನ ಚನ್ನಬಸಪ್ಪ ಅಂಗಡಿಗೆ ಬಂದರು. ಮದುವೆಗಳಲ್ಲಿ ಸಿನಿಮಾ ಹಾಡು ಹಾಡುವ ಒಂದು ಆರ್ಕೆಸ್ಟ್ರಾ ಅವರದು. ಅವರ ಆಂಪ್ಲಿಫಾಯರಿಗೆ ಹಿಂದೆ ಎರಡು ಸಲ ನಾನೇ ಟ್ರಾನ್ಸ್‌ಫಾರ್ಮರ್ ಸುತ್ತಿಕೊಟ್ಟಿದ್ದೆ. ಅವರ ಹಿಂದೆ ಒಬ್ಬ ಯುವಕ ನಿಂತಿದ್ದ. ಹಳೆಯ ಜಮಖಾನೆಯಿಂದ ಹೊಲಿದ ಚೀಲದಲ್ಲಿ ಒಂದು ಗಿಟಾರನ್ನು ಎದೆಗೆ ಒತ್ತಿ ಹಿಡಿದಿದ್ದ.

“ಮಾಸ್ತರ, ಈ ಗಿಟಾರ್ ಸ್ಟೇಜಿಗೆ ಬರ್ತದೋ ಇಲ್ಲೋ, ಒಂದ ಮಾತಿನ್ಯಾಗ ಹೇಳಿಬಿಡ್ರಿ. ನಾ ಹೇಳಿದ್ರ ಇವ ಕೇಳವಲ್ಲ. ಬರೂದಿಲ್ಲ ಅಂದ್ರ ಇವಂಗ ನನ್ನ ಕಡೆ ಜಾಗಾ ಇಲ್ಲ,” ಎಂದರು ಚನ್ನಬಸಪ್ಪ.

ಯುವಕ ಚೀಲ ಬಿಚ್ಚುತ್ತ, “ನೀವು ಕೆಟ್ಟೈತಿ ಅಂದ್ರ ಬಾಯಿ ಮುಚಗೊಂಡು ಮನಿಗೆ ಹೋಗ್ತೇನ್ರಿ,” ಎಂದ.

ಅವನ ಹೆಸರು ಮಿಲಿಂದ, ಊರು ಶಿಗ್ಗಾವಿ. ತಂದೆ ಬೌದ್ಧರಾದ ಮೇಲೆ ಹುಟ್ಟಿದ ಮಗನಾದ್ದರಿಂದ ಆ ಹೆಸರು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನಲ್ಲಿ ಕೆಲವು ವರ್ಷ ಟ್ರಾಕ್ಟರ್ ಹೊಡೆದಿದ್ದ. ಅಲ್ಲಿಗೆ ಸೇವೆಗೆಂದು ಬಂದಿದ್ದ ಒಬ್ಬ ವಿದೇಶಿ ಡಾಕ್ಟರಮ್ಮ ಸಂಜೆ ಹೊತ್ತು ಬಿಡುವಾದಾಗ ಅವನಿಗೆ ಗಿಟಾರ್ ಕಲಿಸಿ, ತನ್ನ ದೇಶಕ್ಕೆ ಮರಳುವಾಗ ವಾದ್ಯವನ್ನೂ ಅವನಿಗೇ ಬಿಟ್ಟುಹೋಗಿದ್ದಳು. ಊರಿಗೆ ಬಂದ ಮೇಲೆ ಟ್ರಾಕ್ಟರಿನ ಕೊಂಡಿಯಲ್ಲಿ ಎಡಗೈ ಸಿಕ್ಕಿ ಎರಡು ಬೆರಳಿನ ತುದಿ ಜಜ್ಜಿಹೋದವು. ಟ್ರಾಕ್ಟರ್ ಕೆಲಸ ಬಿಟ್ಟುಹೋಯಿತು, ಹೊಲದ ಕೂಲಿಯೂ ಆಗಲಿಲ್ಲ. ಉಳಿದದ್ದು ಈ ಗಿಟಾರ್. ಅದನ್ನು ಹಿಡಿದು ಮೂರು ತಿಂಗಳ ಹಿಂದೆ ಚನ್ನಬಸಪ್ಪನವರ ಆರ್ಕೆಸ್ಟ್ರಾ ಸೆಟ್ಟು ಸೇರಿದ್ದ. ಮನೆಯಲ್ಲಿ ಅವ್ವ ಒಬ್ಬಳೇ.

ಇಲ್ಲಿ ಸ್ವಲ್ಪ ತಾಂತ್ರಿಕ ಮಾತು ಹೇಳಲೇಬೇಕು. ಆಗ ಆರ್ಕೆಸ್ಟ್ರಾಗಳಲ್ಲಿ ಕಾಣುತ್ತಿದ್ದ ಎಲೆಕ್ಟ್ರಿಕ್ ಗಿಟಾರುಗಳಿಗೆ ಉಕ್ಕಿನ ತಂತಿ. ಅದರ ಕೆಳಗೆ ಅಯಸ್ಕಾಂತದ ಪಿಕಪ್ ಇರುತ್ತದೆ, ಉಕ್ಕು ಅಲುಗಾಡಿದರೆ ಅದು ವಿದ್ಯುತ್ತಾಗಿ ಆಂಪ್ಲಿಫಾಯರಿಗೆ ಹೋಗುತ್ತದೆ. ಮಿಲಿಂದನದು ನೈಲಾನ್ ತಂತಿ. ಮೆತ್ತಗೆ, ಜಜ್ಜಿದ ಬೆರಳಿಗೂ ನೋವಾಗುವುದಿಲ್ಲ. ಆದರೆ ನೈಲಾನಿಗೂ ಅಯಸ್ಕಾಂತಕ್ಕೂ ಸಂಬಂಧವೇ ಇಲ್ಲ. ಅದಕ್ಕಾಗಿ ತಂತಿಗಳು ಕೂರುವ ಬ್ರಿಜ್ ಎಂಬ ಪಟ್ಟಿಯ ಕೆಳಗೆ ಕ್ರಿಸ್ಟಲ್ ಪಿಕಪ್ ಇಟ್ಟಿದ್ದರು. ಹಳೆಯ ರೆಕಾರ್ಡ್ ಪ್ಲೇಯರಿನ ಮುಳ್ಳಿನ ಹಿಂದೆ ಇರುತ್ತಿತ್ತಲ್ಲ, ಅದೇ ಜಾತಿಯದು, ತಂತಿಯ ನಡುಕ ತಟ್ಟಿದರೆ ಸಾಕು, ವಿದ್ಯುತ್ತಾಗುತ್ತದೆ. ಪೆಟ್ಟಿಗೆಯ ಪಕ್ಕದಲ್ಲಿ ವೈರ್ ಸಿಕ್ಕಿಸುವ ತೂತು.

ಬಲ್ಬಿನ ಕೆಳಗೆ ಹಿಡಿದು ನೋಡಿದೆ. ಕತ್ತು ನೆಟ್ಟಗಿತ್ತು, ಬಿರುಕಿರಲಿಲ್ಲ. ಆದರೆ ಬ್ರಿಜ್ ಒಂದು ಮಗ್ಗುಲಲ್ಲಿ ಕಾಗದ ತೂರುವಷ್ಟು ಎದ್ದಿತ್ತು. ಉಕ್ಕಿನ ತಂತಿ ಬಿಗಿದರೆ ಮಾತ್ರ ಹಾಗೆ ಏಳುತ್ತದೆ, ನೈಲಾನ್ ಅಷ್ಟು ಎಳೆಯುವುದಿಲ್ಲ.

“ಯಾರಪ್ಪಾ ಇದಕ್ಕ ಉಕ್ಕಿನ ತಂತಿ ಬಿಗಿದವರು?” ಎಂದೆ.

“ನಾ ಊರಿಗೆ ಹೋಗಿದ್ದೆ, ಆವಾಗ ಸೆಟ್ಟಿನವರು ಬಿಗಿದಿದ್ರಿ. ಜೋರ ಬರ್ಲಿ ಅಂತ,” ಎಂದ ಮಿಲಿಂದ. ಚನ್ನಬಸಪ್ಪ ರಸ್ತೆಯ ಕಡೆ ನೋಡುತ್ತಿದ್ದರು.

ಅಂಟು ಹಾಕಿ, ಕ್ಲಾಂಪ್ ಬಿಗಿದು, ಎರಡು ದಿನ ಬಿಟ್ಟು ಬರಲು ಹೇಳಿದೆ. ಬಂದರು. ನನ್ನ ಮೇಜಿನ ಆಂಪ್ಲಿಫಾಯರಿನ ‘ಮೈಕ್’ ಎಂದು ಬರೆದ ಸಾಕೆಟ್ಟಿಗೆ ಮೊದಲು ಸಿಕ್ಕಿಸಿದೆ. ಖಾಲಿ ಡಬ್ಬಿಯೊಳಗೆ ಸೊಳ್ಳೆ ಹಾರಿದಂತೆ ಗುಂಯ್ ಅಂದಿತು. ಚನ್ನಬಸಪ್ಪನವರ ಮುಖ ಅರಳಿತು. “ನೋಡಪಾ, ನಾ ಏನ್ ಹೇಳಿದ್ದೆ?”

ವೈರ್ ಕಿತ್ತು ಪಕ್ಕದ ‘ಗ್ರಾಮ್’ ಸಾಕೆಟ್ಟಿಗೆ ಸಿಕ್ಕಿಸಿದೆ. ಗ್ರಾಮ್ ಎಂದರೆ ಗ್ರಾಮಫೋನು. ರೆಕಾರ್ಡ್ ಪ್ಲೇಯರಿನ ಕ್ರಿಸ್ಟಲ್ ಪಿಕಪ್ಪಿಗೆಂದೇ ಮಾಡಿದ ದಾರಿ ಅದು. ಮೈಕ್ ಸಾಕೆಟ್ಟು ಕ್ರಿಸ್ಟಲ್ಲಿನ ಶಕ್ತಿಯನ್ನೆಲ್ಲ ಹೀರಿಬಿಡುತ್ತದೆ, ಗ್ರಾಮ್ ಸಾಕೆಟ್ಟು ಹೀರುವುದಿಲ್ಲ. ಮಿಲಿಂದ ತಂತಿ ಮುಟ್ಟಿದ. ಅಂಗಡಿಯ ಸ್ಪೀಕರಿನಿಂದ ತುಂಬಿದ, ಬೆಚ್ಚಗಿನ ನಾದ ಬಂತು. ಬ್ಯಾಟರಿ ಕೊಳ್ಳಲು ನಿಂತಿದ್ದ ಹೆಂಗಸೊಬ್ಬಳು, “ಅಯ್ಯ, ಎಷ್ಟ ಚಂದ ಐತಿ!” ಎಂದಳು. ನನ್ನ ಬಲಗಿವಿಯ ಜೀರುಂಡೆ ಕೂಡ ಒಂದು ಗಳಿಗೆ ಸುಮ್ಮನಾದಂತಾಯಿತು.

“ಗಿಟಾರ್ ಚಲೋ ಐತಿ. ನಿಮ್ಮ ಆಂಪ್ಲಿಫಾಯರಿನ್ಯಾಗೂ ಗ್ರಾಮ್ ಸಾಕೆಟ್ ಐತಲ್ಲ, ಅದಕ್ಕ ಸಿಕ್ಕಿಸ್ರಿ, ಮುಗೀತು,” ಎಂದೆ.

ಚನ್ನಬಸಪ್ಪನವರಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. “ಅಂಗಡ್ಯಾಗ ಬರ್ತದ್ರಿ, ಸ್ಟೇಜಿನ್ಯಾಗ ಬರೂದಿಲ್ಲ. ನಮ್ಮ ಸೆಟ್ಟಿನ ಕತಿನ ಬ್ಯಾರೆ,” ಎಂದು ಗೊಣಗಿದರು. ಮಿಲಿಂದ ಬಿಡಲಿಲ್ಲ. “ಹಂಗಾರ ಮಾಸ್ತರ ಸ್ಟೇಜಿಗೆ ಬಂದ ನೋಡ್ಲಿ. ಮಂಗಳವಾರ ಹಂಸಭಾವಿಯಾಗ ಮದುವಿ ಐತಿ. ಬರ್ರಿ ಮಾಸ್ತರ, ಕೈ ಮುಗೀತೇನಿ.”

ನನಗೆ ಹೋಗುವ ಮನಸ್ಸು ಎಳ್ಳಷ್ಟೂ ಇರಲಿಲ್ಲ. ಆ ರಸ್ತೆ, ಆ ಧೂಳು, ಬಸ್ಸಿನ ಹಿಂದಿನ ಸೀಟು, ಬೆನ್ನು ನೋವು. ಆದರೂ ಅವನು ಆ ಜಜ್ಜಿದ ಕೈಯನ್ನು ಇನ್ನೊಂದರ ಜೊತೆ ಸೇರಿಸಿ ಮುಗಿದ ರೀತಿಗೆ ಇಲ್ಲ ಎನ್ನಲಾಗಲಿಲ್ಲ. ತೊಲಗಲಿ ಅಂತ ಒಪ್ಪಿಕೊಂಡೆ.

ಹಂಸಭಾವಿಯಲ್ಲಿ ಬಸ್ಸಿಳಿದಾಗ ಅಕ್ಷತೆ ಮುಗಿದು ಮೊದಲ ಪಂಕ್ತಿ ಕುಳಿತಿತ್ತು. ಆರ್ಕೆಸ್ಟ್ರಾ ಜೋರಾಗಿ ನಡೆದಿತ್ತು. ಹಾಡುವವರು ಇಬ್ಬರು, ಢೋಲಕ್ಕಿನವನೊಬ್ಬ, ಹಾರ್ಮೋನಿಯಂನವನೊಬ್ಬ, ಮೂಲೆಯಲ್ಲಿ ಮಿಲಿಂದ. ಹಾರ್ನುಗಳಿಂದ ಮಾತ್ರ ಕೊಳಲು ಕೇಳುತ್ತಿತ್ತು, ಪಿಟೀಲು ಕೇಳುತ್ತಿತ್ತು. ವೇದಿಕೆಯ ಮೇಲೆ ಕೊಳಲಿನವನೂ ಇಲ್ಲ, ಪಿಟೀಲಿನವನೂ ಇಲ್ಲ. ಮಿಲಿಂದನ ಬೆರಳು ಆಡುತ್ತಿದ್ದವು, ಅವನ ಗಿಟಾರ್ ಎಲ್ಲಿಯೂ ಕೇಳುತ್ತಿರಲಿಲ್ಲ.

ನಾನು ಆಂಪ್ಲಿಫಾಯರಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕುಳಿತೆ. ಗಿಟಾರಿನ ವೈರ್ ಮೈಕ್ ಸಾಕೆಟ್ಟಿನಲ್ಲೇ ಇತ್ತು. ಗ್ರಾಮ್ ಸಾಕೆಟ್ಟಿನಿಂದ ಇನ್ನೊಂದು ವೈರ್ ಹೊರಟು ಮೇಜಿನ ಮೇಲೆ ಹಾಸಿದ್ದ ಝರಿಯ ಬಟ್ಟೆಯ ಕೆಳಗೆ ಹೋಗಿತ್ತು. ಬಟ್ಟೆ ಎತ್ತಿದೆ. ಒಂದು ಕ್ಯಾಸೆಟ್ ಟೇಪ್ ತಿರುಗುತ್ತಿತ್ತು.

ಚನ್ನಬಸಪ್ಪ ನನ್ನ ಭುಜ ಹಿಡಿದು ಪೆಂಡಾಲಿನ ಹಿಂದೆ ಕರೆದುಕೊಂಡು ಹೋದರು. ಅಲ್ಲಿ ಬದನೆಕಾಯಿ ಹೆಚ್ಚುತ್ತಿದ್ದರು. ಸಿಟ್ಟು ಮಾಡುತ್ತಾರೆ ಎಂದುಕೊಂಡಿದ್ದೆ, ಅವರು ಉಸಿರು ಬಿಟ್ಟು ಒಂದು ಹಗ್ಗದ ಕಟ್ಟಿನ ಮೇಲೆ ಕುಳಿತರು.

“ಪಿಟೀಲಿನವ ಪುಣೇಕ ಹೋದ್ರಿ. ಕೊಳಲಿನವಂಗ ಉಬ್ಬಸ. ಅವ್ರು ಇದ್ದಾಗ ಎಲ್ಲಾ ಹಾಡಿನ ಬಾಜಾ ಟೇಪಿನ್ಯಾಗ ತುಂಬಿಸಿ ಇಟಗೊಂಡಿದ್ದೆ. ಈಗ ಅದನ್ನ ಹಚ್ತೇನಿ, ಇವ್ರು ಮ್ಯಾಲೆ ಹಾಡ್ತಾರ. ಬೀಗರಿಗೆ ರೇಡಿಯೋದಾಗ ಬಂದಂಗ ಬರಬೇಕ್ರಿ, ಒಂದು ಕೊಳಲು ಕಮ್ಮಿ ಆದ್ರ ಮುಂದಿನ ಮದುವಿ ಬ್ಯಾರೇದವರ ಪಾಲು. ಸೆಟ್ಟಿನ ಆರ ಮಂದಿ ಉಣಬೇಕಲ್ರಿ.”

“ಅವನ ಗಿಟಾರಿಗೆ ಒಂದು ಟ್ರಾನ್ಸಿಸ್ಟರಿನ ಸಣ್ಣ ಡಬ್ಬಿ ಮಾಡಿಕೊಡ್ತೇನಿ. ಮೈಕ್ ಸಾಕೆಟ್ಟಿನ್ಯಾಗೂ ಚಲೋ ಬರ್ತದ,” ಎಂದೆ.

“ಬ್ಯಾಡ್ರೀ ಮಾರಾಯ್ರ! ಬಂದ್ರನ ತ್ರಾಸು. ಟೇಪು ಒಂದೊಂದ ದಿನ ಓಡ್ತದ, ಒಂದೊಂದ ದಿನ ಜಗ್ತದ. ಶ್ರುತಿನ ಒಂದ ಕಡೆ ನಿಂದ್ರೂದಿಲ್ಲ. ಹಾರ್ಮೋನಿಯಂನವನೂ ಬರೇ ಕೈ ಆಡಸ್ತಾನ. ಇವ ಖರೇ ಬಾರಿಸಿ ಅದು ಖರೇ ಕೇಳಿಸಿದ್ರ ಎರಡೂ ಹೊಂದೂದಿಲ್ಲ, ಮಂದಿ ನಗ್ತಾರ.” ಆಮೇಲೆ ದನಿ ತಗ್ಗಿಸಿದರು. “ಗಿಟಾರ್ ಕೆಟ್ಟೈತಿ ಅಂದಬಿಡ್ರಿ. ಜಾಗಾ ಇಲ್ಲ ಅಂದದ್ದು ಸಿಟ್ಟಿನ ಮಾತು. ನನ್ನ ಕಡೆ ಒಂದು ಉಕ್ಕಿನ ತಂತಿ ಗಿಟಾರ್ ಐತಿ, ಕೆಂಪ ಬಣ್ಣದ್ದು, ನೋಡಾಕ ಠಾಕಠೀಕ. ಅದನ್ನ ಹಿಡಕೊಂಡು ನಿಂತ್ರ ಸಾಕು. ಒತ್ತೂದು ಬ್ಯಾಡ, ಬಾರಿಸೂದು ಬ್ಯಾಡ, ಬೆರಳಿಗೂ ನೋವಿಲ್ಲ. ಪಗಾರ ಅಷ್ಟ ಕೊಡ್ತೇನಿ. ಅವನ ಅವ್ವ ಉಣ್ಲಿ. ನಿಮ್ಮ ಮಾತು ಅಂದ್ರ ಕೇಳ್ತಾನ.”

ಕೆಟ್ಟಿದೆ ಎಂದರೆ ಅವನ ಮನೆಯ ಒಲೆ ಉರಿಯುತ್ತದೆ. ಚಲೋ ಎಂದರೆ ಅವನಿಗೆ ನಿಲ್ಲಲು ಜಾಗವಿಲ್ಲ. ಹದಿನಾರು ವರ್ಷದಲ್ಲಿ ಎಷ್ಟೋ ಸುಳ್ಳು ಹೇಳಿಸಿಕೊಳ್ಳಲು ಜನ ನನ್ನ ಬಳಿ ಬಂದಿದ್ದರು, ಆದರೆ ಸುಳ್ಳಿನಿಂದ ಬಡವನಿಗೇ ಒಳ್ಳೆಯದಾಗುವ ಪ್ರಸಂಗ ಅದೊಂದೇ. ಚನ್ನಬಸಪ್ಪ ಕೆಟ್ಟ ಮನುಷ್ಯನೂ ಅಲ್ಲ. ಬೈದುಬಿಡೋಣವೆಂದರೆ ಅದಕ್ಕೂ ಆಸ್ಪದವಿರಲಿಲ್ಲ.

ಹಾಡುಗಾರರು ಊಟಕ್ಕೆ ಇಳಿದರು, ಟೇಪ್ ನಿಂತಿತು. ಮಿಲಿಂದ ಮಾತ್ರ ಮೇಲೇ ಕುಳಿತು ನನ್ನ ದಾರಿ ಕಾಯುತ್ತಿದ್ದ. ಹತ್ತಿರ ಹೋಗಿ, ಟೇಪಿನ ವಿಷಯ, ಸಾಕೆಟ್ಟಿನ ವಿಷಯ, ಕೆಂಪು ಗಿಟಾರಿನ ವಿಷಯ ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಿದೆ. ಅವನ ಪರವಾಗಿ ತೀರ್ಮಾನ ಮಾಡುವುದಕ್ಕೆ ನಾನು ಯಾರು? ಟೇಪ್ ಇರುವುದು ಅವನಿಗೂ ಗೊತ್ತಿತ್ತು. ತನ್ನ ಗಿಟಾರಿನ ದಾರಿಯನ್ನು ಅದು ಹಿಡಿದಿದೆ ಎಂಬುದು ಗೊತ್ತಿರಲಿಲ್ಲ. ತಪ್ಪು ತನ್ನ ವಾದ್ಯದ್ದೋ ತನ್ನ ಬೆರಳಿನದೋ ಎಂದು ಮೂರು ತಿಂಗಳಿಂದ ಕೊರಗುತ್ತಿದ್ದನಂತೆ.

“ಒಮ್ಮೆ ಸಿಕ್ಕಿಸ್ರಿ ಮಾಸ್ತರ. ಇಷ್ಟು ದೊಡ್ಡ ಹಾರ್ನಿನ್ಯಾಗ ಹೆಂಗ ಬರ್ತದ, ನಾ ಕೇಳಬೇಕು.”

ಟೇಪಿನ ವೈರ್ ಕಿತ್ತೆ, ಅವನದನ್ನು ಸಿಕ್ಕಿಸಿದೆ. ಅವನು ನಿಧಾನವಾದ ಏನೋ ಒಂದನ್ನು ಬಾರಿಸಿದ. ಕಂಬದ ಮೇಲಿನ ಎರಡು ಹಾರ್ನುಗಳಿಂದ ಅದು ಇಡೀ ಓಣಿಗೆ ಕೇಳಿಸಿತು. ಹಾರ್ನಿನ ಕರ್ಕಶತನವನ್ನೂ ದಾಟಿ ಆ ತಂತಿಯ ಮೆದುತನ ಬಂತು.

ಅಷ್ಟರಲ್ಲಿ ಮದುಮಗಳ ಕಾಕಾ ಸಾರಿನ ಕೈಯಲ್ಲೇ ಓಡಿಬಂದರು. “ಏನಾತ್ರೀ, ಮೈಕ್ ಕೆಟ್ಟೈತೇನು? ಹಾಡು ಹಚ್ರಿ! ಬೀಗರು ಕೇಳಾಕತ್ತಾರ, ಯಾಕ ಬಂದ್ ಮಾಡಿದ್ರಿ ಅಂತ.”

ಮಿಲಿಂದನ ಕೈ ನಿಂತಿತು. ಕಾಕಾನ ಹಿಂದೆಯೇ ಚನ್ನಬಸಪ್ಪ ಬಂದು ನಿಂತಿದ್ದರು, ನೆಲ ನೋಡುತ್ತ. ಮಿಲಿಂದ ತಾನೇ ವೈರ್ ಕಿತ್ತು, ಟೇಪಿನದನ್ನು ಮತ್ತೆ ಸಿಕ್ಕಿಸಿ, ಗಿಟಾರನ್ನು ಜಮಖಾನೆಯ ಚೀಲದೊಳಗೆ ಇಳಿಸಿದ.

“ನಿಂದ್ರೋ, ಎಲ್ಲಿಗೆ ಹೊಂಟಿ? ಆ ಕೆಂಪ ಗಿಟಾರ್ ನಿಂದ ಅಂತ ತಿಳಕೋ,” ಎಂದರು ಚನ್ನಬಸಪ್ಪ.

“ಹಿಡಕೊಂಡು ನಿಂದ್ರಾಕ ನಾ ಯಾಕ ಬೇಕ್ರಿ? ಒಂದು ಗೂಟ ಹುಗಿದ್ರ ಸಾಕಲ್ಲ,” ಎಂದ ಮಿಲಿಂದ. ಸಿಟ್ಟಿನಿಂದಲ್ಲ, ಬಹಳ ದಣಿದವನ ಹಾಗೆ. ಸಂಜೆಯ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಹಾನಗಲ್ಲಿಗೆ ಬಂದೆವು. ದಾರಿಯುದ್ದಕ್ಕೂ ಅವನು ಒಂದೇ ಮಾತಾಡಿದ್ದು: “ಬಂತಲ್ರಿ ಮಾಸ್ತರ?” ನಾನೂ ಒಂದೇ ಮಾತು ಹೇಳಿದ್ದು: “ಬಂತಪ್ಪಾ.”

ಅವನ ಮುಂದಿನ ಒಂದು ವರ್ಷ ಕಷ್ಟದ್ದು, ಅದನ್ನು ಮುಚ್ಚಿಡಲಾರೆ. ಅವ್ವನ ಬೆಂಡೋಲೆ ಮಾರಿಹೋದವು. ನಿಜ ಹೇಳಿದ್ದಕ್ಕೆ ನನ್ನ ಹೆಂಡತಿ ನನ್ನನ್ನೇ ಬೈದಳು. ಕಡೆಗೆ ತಿಳವಳ್ಳಿಯ ಒಂದು ಅಕ್ಕಿ ಗಿರಣಿಯಲ್ಲಿ ಅವನಿಗೆ ತೂಕದ ಕೆಲಸ ಸಿಕ್ಕಿತು. ಸಂತೆಯ ದಿನ ಹಾನಗಲ್ಲಿಗೆ ಬಂದಾಗ ಗಿಟಾರ್ ತರುತ್ತಿದ್ದ. ನನ್ನ ಮೇಜಿನ ಆಂಪ್ಲಿಫಾಯರಿನ ಗ್ರಾಮ್ ಸಾಕೆಟ್ಟಿಗೆ ಆ ದಿನ ನಾನು ಬೇರೆ ಏನನ್ನೂ ಸಿಕ್ಕಿಸುತ್ತಿರಲಿಲ್ಲ. ಅವನು ಬಾರಿಸುತ್ತಿದ್ದ, ನಾನು ಬೆಸುಗೆ ಹಾಕುತ್ತಿದ್ದೆ. ರಿಪೇರಿಗೆ ಬಂದವರು ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದರು, ಕೆಲವರು ಕೇಳದೆ ಬೀಡಿ ಸೇದುತ್ತಿದ್ದರು.

೧೯೮೭ರಲ್ಲಿ ಒಂದು ಸಂತೆಯ ದಿನ ಚನ್ನಬಸಪ್ಪ ಬಂದರು, ತಲೆಯ ಮೇಲೆ ತಮ್ಮ ಆಂಪ್ಲಿಫಾಯರ್ ಹೊತ್ತು. ಆರ್ಕೆಸ್ಟ್ರಾ ಮುಚ್ಚಿಹೋಗಿತ್ತು. ‘ಬರೇ ಟೇಪ್ ಹಚ್ಚಿದ್ರ ಆತು, ಮಂದಿ ಯಾಕ ಬೇಕು’ ಎಂದು ಮದುವೆಯವರೇ ಹೇಳತೊಡಗಿದ್ದರಂತೆ. ಮಾರಬೇಕು, ಪರೀಕ್ಷೆ ಮಾಡಿ ಹೇಳಿರಿ ಎಂದರು. ನಾನು ಹಿಂದೆ ತಿರುಗಿಸಿ ನೋಡಿದೆ. ಮೈಕ್ ಸಾಕೆಟ್ಟುಗಳ ಮೇಲೆ ಧೂಳು ಕೂತಿತ್ತು, ಗ್ರಾಮ್ ಸಾಕೆಟ್ಟು ಸವೆದು ಸಡಿಲವಾಗಿತ್ತು. ಮಿಲಿಂದ ಬೆಂಚಿನ ತುದಿಯಲ್ಲಿ ಬಾರಿಸುತ್ತಲೇ ಇದ್ದ, ಕತ್ತೆತ್ತಿ ನಮಸ್ಕಾರ ಮಾಡಿದ, ನಿಲ್ಲಿಸಲಿಲ್ಲ. ಚನ್ನಬಸಪ್ಪ ಬಹಳ ಹೊತ್ತು ಕೇಳುತ್ತ ಕುಳಿತರು.

“ಇದು ಅದ ಗಿಟಾರ್ ಏನ್ರಿ?” ಎಂದರು ಮೆಲ್ಲಗೆ.

“ಅದ.”

“ಚಲೋ ಐತಿ.”

“ಅವತ್ತೂ ಚಲೋ ಇತ್ರಿ,” ಎಂದೆ.

ಅವರು ತಲೆ ಆಡಿಸಿದರು. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಒಂದು ವಸ್ತು ಚೆನ್ನಾಗಿದೆಯೇ ಎಂದು ಹೇಳಲು ನನಗೆ ಬರುತ್ತದೆ. ಅದಕ್ಕೆ ಈ ಲೋಕದಲ್ಲಿ ಜಾಗ ಸಿಗುತ್ತದೆಯೇ ಎಂದು ಹೇಳಲು ನನ್ನ ಮೀಟರಿಗೆ ಬರುವುದಿಲ್ಲ. ಇದ್ದ ಒಂದು ಸಾಕೆಟ್ಟನ್ನು ಮಿಲಿಂದನಿಗಾಗಿ ಖಾಲಿ ಬಿಡಬಹುದು, ಬಿಟ್ಟೆ. ಅಂಗಡಿ ಮುಚ್ಚುವ ದಿನದವರೆಗೂ ಸಂತೆಯ ದಿನ ಅದು ಖಾಲಿಯೇ ಇರುತ್ತಿತ್ತು, ತಿಳವಳ್ಳಿಯ ಬಸ್ಸು ಬರುವ ತನಕ.