ಹುಂಜ ಇಲ್ಲದ ಮನಿ ತತ್ತಿ

ಇಲ್ಲಿ ಬಂದು ಕಾಲು ಚಾಚಿ ಕೂಡ್ರಿ, ನನ್ನ ಹೊಟ್ಟಿಕಿಚ್ಚಿನ ಕತಿ ಹೇಳ್ತೀನಿ.

ಆಗ ನಾನು ಬಳ್ಳಾರಿಯ ಡಾಕ್ಟರ್ ಕಾಲೇಜಿನಾಗ ಕಸ ಹೊಡೀತಿದ್ದೆ. ಅಲ್ಲೊಬ್ರು ಡಾಕ್ಟರಮ್ಮ, ತತ್ತಿಯೊಳಗ ಕೋಳಿಮರಿ ಕಣ್ಣು ಹೆಂಗ ಬೆಳೀತೈತಿ ಅಂತ ನೋಡೋರು. ತತ್ತಿ ತರಾಕಿ ಸಿರುಗುಪ್ಪದ ಹನುಮಕ್ಕ. ಒಂದಿನ ಅಕಿನ್ನ ಕರದು, ಸಣ್ಣದನ್ನ ದೊಡ್ಡದು ಮಾಡೋ ದುರ್ಬೀನಿನಾಗ ಆ ಕಣ್ಣು ತೋರಿಸಿದ್ರು. ನಾಕು ವರ್ಷ ಆ ದುರ್ಬೀನು ಒರಸಿದಾಕಿ ನಾನು, ನನಗ ಒಮ್ಮೆನೂ ತೋರಿಸಿದ್ದಿಲ್ಲ!

"ಯಕ್ಕಾ, ಮೊದ್ಲು ಕಣ್ಣಿನಾಗಿನ ನರದ ಕಣ ಎಲ್ಲಾ ಒಂದ ಗುಂಪಾಗಿ ಇರ್ತಾವಂತ. ಆಮ್ಯಾಲ ತಮ್ ತಮ್ಮ ಪದರ ಹುಡಿಕ್ಯಂಡು ಹೋಗಿ, ಮ್ಯಾಲಿನವು ಕೆಳಗಿನವು ಕೈ ಹಿಡಕಂತಾವಂತ," ಅಂತ ಹನುಮಕ್ಕ ನನಗ ಪಾಠ ಹೇಳಿದ್ಲು.

ಹೊಟ್ಟಿ ಉರೀತು. ನನ್ನ ತವರು ಕುರುಗೋಡಿನಿಂದ ನಾನೂ ಹನ್ನೆರಡು ತತ್ತಿ ತಂದುಕೊಟ್ಟೆ. ಹತ್ತು ದಿನ ಕಾವು ಕೊಟ್ಟು ಒಡದ್ರ, ಕಣ್ಣಿನ ಮಾತು ಹಂಗಿರ್ಲಿ, ಒಳಗ ಮರಿನೇ ಇಲ್ಲ!

"ಯಕ್ಕಾ, ನಿಮ್ಮ ತವರಾಗ ಹುಂಜ ಐತೋ ಇಲ್ಲೋ?" ಅಂದ್ಲು ಹನುಮಕ್ಕ.

ಹುಂಜನ್ನ ಮಾರಮ್ಮನ ಹಬ್ಬಕ್ಕ ಉಂಡು ಎರಡು ತಿಂಗಳಾಗಿತ್ತು.

ಡಾಕ್ಟರಮ್ಮ ನಕ್ಕು, "ನೋಡೋ ಆಸೆ ಇದ್ರೆ ಬಾಯಿಬಿಟ್ಟು ಕೇಳಬಾರದೇನಮ್ಮಾ?" ಅಂತ ನನ್ನನ್ನೂ ಕೂಡಿಸಿ ಹನುಮಕ್ಕನ ತತ್ತಿಯಾಗಿನ ಕಣ್ಣು ತೋರಿಸಿದ್ರು. ಹಳೇ ಸೀರಿ ಜೋಡಿಸಿ ಹೊಲದ ಕೌದಿ ಪದರ ಇದ್ದಂಗಿತ್ತು, ಹೊಲಿಗಿ ಸಮೇತ.

ಡಾಕ್ಟರಮ್ಮ ಈಗ ಪಿಂಚಣಿ ತಗೊಂಡು ಬಳ್ಳಾರಿ ಕಂಟೋನ್ಮೆಂಟಿನಾಗ ಅದಾರ. ಹನುಮಕ್ಕ ನನಗ ಬೀಗತಿ ಆದ್ಲು. ನಮ್ಮಿಬ್ಬರ ಮೊಮ್ಮಗ ಹುಟ್ಟಿ ಕಣ್ಣು ಬಿಟ್ಟಾಗ ಮೊದ್ಲು ಕಂಡಿದ್ದೂ ಅಕಿ ಮುಖಾನೇ. ನಾನು ಬಿಸಿನೀರು ಕಾಸಾಕ ಹೋಗಿದ್ದೆ.